ಕರೆಂಟಿನ ತಂತಿಯಲ್ಲಿ ಇಂಟರ್ನೆಟ್

ಮನೆಯಲ್ಲಿ ಈಗಾಗಲೇ ಇರುವ ವಿದ್ಯುತ್ ವೈರಿಂಗ್ ಮೂಲಕವೇ ಇಂಟರ್ನೆಟ್ ಸಂಪರ್ಕವನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸುವ ವಿಧಾನಕ್ಕೆ ಪವರ್‌ಲೈನ್ ನೆಟ್‌ವರ್ಕಿಂಗ್ ಎಂದು ಹೆಸರು. ಇದಕ್ಕೆ ಬೇಕಾದದ್ದು ಎರಡು ಅಡಾಪ್ಟರ್. ಒಂದನ್ನು ರೌಟರ್ ಪಕ್ಕದ ಪ್ಲಗ್ ಪಾಯಿಂಟಿಗೆ ಹಾಕಿ, ಗೇಣುದ್ದದ ನೆಟ್‌ವರ್ಕ್ ಕೇಬಲ್ಲಿನಿಂದ ರೌಟರಿಗೆ ಜೋಡಿಸುತ್ತಾರೆ. ಇನ್ನೊಂದನ್ನು ವೈಫೈ ತಲುಪದ ಕೋಣೆಯ ಪಾಯಿಂಟಿಗೆ ಹಾಕಿ, ಅದರಿಂದ ಕಂಪ್ಯೂಟರಿಗೋ ಟಿವಿಗೋ ಕೇಬಲ್ ಕೊಡುತ್ತಾರೆ. ಎರಡರ ನಡುವೆ ಹೊಸ ತಂತಿ ಎಳೆಯಬೇಕಿಲ್ಲ, ಗೋಡೆ ಒಡೆಯಬೇಕಿಲ್ಲ. ಫ್ಯಾನು, ಫ್ರಿಜ್ಜು, ಮಿಕ್ಸಿಗೆ ಕರೆಂಟು ಕೊಡುವ ಅದೇ ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಈ ಕೆಲಸವನ್ನೂ ಮಾಡುತ್ತವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲಿ ಇದರ ಅಗತ್ಯ ಬೀಳುವುದಕ್ಕೆ ಕಾರಣ ಗೋಡೆಗಳು. ಹಳೆಯ ಬೀದಿಗಳಲ್ಲಿ ಕಲ್ಲು ಮಣ್ಣು ಸೇರಿಸಿ ಕಟ್ಟಿದ ಗೋಡೆ ಒಂದೂವರೆ ಅಡಿಗೂ ಮೀರಿದ ದಪ್ಪವಿರುತ್ತದೆ. ಮನೆಯ ಅಗಲ ಕಡಿಮೆ, ಉದ್ದ ಹೆಚ್ಚು. ಫೈಬರ್ ಸಂಪರ್ಕ ಕೊಡುವವರು ಬೀದಿಯ ಕಂಬದಿಂದ ತಂತಿ ತಂದು ರೌಟರನ್ನು ಮುಂದಿನ ಹಾಲಿನಲ್ಲಿಯೇ ಕೂರಿಸಿ ಹೋಗುತ್ತಾರೆ. ವೈಫೈ ತರಂಗ ಮೊದಲ ಗೋಡೆ ದಾಟುವಾಗಲೇ ಸೊರಗಿ, ಅಡುಗೆಮನೆ ದಾಟಿ ಹಿತ್ತಲ ಕಡೆಯ ಕೋಣೆಗೆ ಬರುವಷ್ಟರಲ್ಲಿ ಲೆಕ್ಕಕ್ಕೆ ಸಿಗದಂತಾಗುತ್ತದೆ. ಹೊಸ ಬಡಾವಣೆಯ ಮನೆಗಳಲ್ಲಿ ಗೋಡೆ ತೆಳು, ಆದರೆ ಮೇಲಂತಸ್ತಿಗೆ ಹೋಗಲು ತರಂಗವು ಕಂಬಿ ಕಟ್ಟಿದ ಆರ್‌ಸಿಸಿ ಚಾವಣಿಯನ್ನು ತೂರಬೇಕು. 2.4 ಗಿಗಾಹರ್ಟ್ಸ್ ವೈಫೈಯ ತರಂಗಾಂತರ 12.5 ಸೆಂಟಿಮೀಟರ್, ಕಂಬಿಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. 5 ಗಿಗಾಹರ್ಟ್ಸ್ ತರಂಗಕ್ಕೆ ಕಂಬಿಗಳ ಸಂದು ದಾಟುವುದು ಸ್ವಲ್ಪ ಸುಲಭವಾದರೂ ಕಾಂಕ್ರೀಟೇ ಅದನ್ನು ಹೀರಿಕೊಳ್ಳುತ್ತದೆ. ಇಂಥ ಕಡೆಗಳಲ್ಲಿ ಗೋಡೆಯೊಳಗೆ ಆಗಲೇ ಹುದುಗಿರುವ ತಾಮ್ರದ ತಂತಿಯ ನೆನಪಾಗುವುದು ಸಹಜ.

ವಿದ್ಯುತ್ ಮಾರ್ಗದಲ್ಲಿ ಮಾತು ಕಳಿಸುವ ವಿದ್ಯೆ ಮನೆಗಳಿಗೆ ಬಂದದ್ದು ತೀರಾ ಈಚೆಗೆ. ವಿದ್ಯುತ್ ಇಲಾಖೆಗೆ ಅದು ಹಳೆಯ ಸಂಗತಿ. ಹಿರಿಯೂರಿನಲ್ಲಿ 400 ಕಿಲೋವೋಲ್ಟಿನ ದೊಡ್ಡ ಉಪಕೇಂದ್ರವಿದೆ. ಒಂದು ಕಡೆ ದಾವಣಗೆರೆ ಸೀಮೆಯ ಗುತ್ತೂರಿಗೆ, ಇನ್ನೊಂದು ಕಡೆ ನೆಲಮಂಗಲಕ್ಕೆ ಅಲ್ಲಿಂದ ಮಾರ್ಗಗಳು ಹೋಗುತ್ತವೆ. ಇಂಥ ಉಪಕೇಂದ್ರಗಳ ಬೇಲಿಯಾಚೆ ನಿಂತು ನೋಡಿದರೆ, ಮಾರ್ಗದ ತಂತಿ ಒಳಬರುವ ಜಾಗದಲ್ಲಿ ಡ್ರಮ್ಮಿನಾಕಾರದ ದಪ್ಪ ಸುರುಳಿಗಳು ತೂಗಾಡುತ್ತಿರುವುದು ಅಥವಾ ಪಿಂಗಾಣಿ ಕಂಬದ ಮೇಲೆ ಕೂತಿರುವುದು ಕಾಣುತ್ತದೆ. ಇವಕ್ಕೆ ವೇವ್ ಟ್ರ್ಯಾಪ್ ಎನ್ನುತ್ತಾರೆ. ರಸ್ತೆಯಲ್ಲಿ ಹೋಗುವವರು ಅವನ್ನು ಟ್ರಾನ್ಸ್‌ಫಾರ್ಮರಿನ ಯಾವುದೋ ಭಾಗವೆಂದು ತಿಳಿಯುವುದುಂಟು. ಅವುಗಳ ಕೆಲಸವೇ ಬೇರೆ. ಒಂದು ಉಪಕೇಂದ್ರದಿಂದ ಇನ್ನೊಂದಕ್ಕೆ ಟೆಲಿಫೋನ್ ಮಾತು, ಮಾಪನದ ಅಂಕಿಗಳು, ಎಲ್ಲಕ್ಕಿಂತ ಮುಖ್ಯವಾಗಿ ‘ಮಾರ್ಗದಲ್ಲಿ ದೋಷ ಕಂಡಿದೆ, ನಿನ್ನ ಕಡೆಯ ಬ್ರೇಕರನ್ನೂ ಬಿಡಿಸು’ ಎಂಬ ಆಜ್ಞೆ, ಎಲ್ಲವೂ ಹೈಟೆನ್ಷನ್ ತಂತಿಯ ಮೇಲೆಯೇ ಹೋಗುತ್ತವೆ. ಈ ಸಂಕೇತಗಳ ಆವರ್ತನ ಸುಮಾರು 40ರಿಂದ 500 ಕಿಲೋಹರ್ಟ್ಸ್. ತಂತಿಯಲ್ಲಿನ ವಿದ್ಯುತ್ತಿನದು ಬರೀ 50 ಹರ್ಟ್ಸ್.

ಒಂದೇ ತಂತಿಯಲ್ಲಿರುವ ಇವೆರಡನ್ನು ಬೇರ್ಪಡಿಸುವ ಉಪಾಯ ಸರಳವಾಗಿದೆ. ತಂತಿಯ ಸುರುಳಿ ಕಡಿಮೆ ಆವರ್ತನವನ್ನು ಬಿಡುತ್ತದೆ, ಹೆಚ್ಚಿನದನ್ನು ತಡೆಯುತ್ತದೆ. ಕೆಪಾಸಿಟರಿನ ಗುಣ ಇದಕ್ಕೆ ತದ್ವಿರುದ್ಧ. ಅರ್ಧ ಮಿಲಿಹೆನ್ರಿಯ ವೇವ್ ಟ್ರ್ಯಾಪ್ 50 ಹರ್ಟ್ಸಿಗೆ ಒಡ್ಡುವ ತಡೆ 0.16 ಓಮ್, ಅಂದರೆ ಇದ್ದೂ ಇಲ್ಲದಂತೆ. 200 ಕಿಲೋಹರ್ಟ್ಸಿಗೆ ಅದೇ ಸುರುಳಿ 628 ಓಮ್ ತಡೆಯಾಗುತ್ತದೆ. ಅದರ ಬಳಿಯಲ್ಲೇ ಎತ್ತರದ ಪಿಂಗಾಣಿ ಕಂಬದೊಳಗಿರುವ 4,400 ಪಿಕೋಫ್ಯಾರಡ್ ಕೆಪಾಸಿಟರು 50 ಹರ್ಟ್ಸಿಗೆ ಏಳು ಲಕ್ಷ ಓಮಿಗೂ ಮೀರಿದ ಗೋಡೆ, 200 ಕಿಲೋಹರ್ಟ್ಸಿಗೆ 180 ಓಮಿನ ಬಾಗಿಲು. ಹೀಗಾಗಿ ವಿದ್ಯುತ್ತು ಸುರುಳಿ ದಾಟಿ ಉಪಕೇಂದ್ರದೊಳಕ್ಕೆ ಹೋಗುತ್ತದೆ, ಸಂಕೇತ ಕೆಪಾಸಿಟರ್ ಹಿಡಿದು ದೂರವಾಣಿ ಕೋಣೆಗೆ ಇಳಿಯುತ್ತದೆ. ಈಚಿನ ಮಾರ್ಗಗಳಲ್ಲಿ ಗೋಪುರದ ತುತ್ತತುದಿಯ ಅರ್ಥ್ ತಂತಿಯೊಳಗೇ ಆಪ್ಟಿಕಲ್ ಫೈಬರ್ ಸೇರಿಸಿ ಎಳೆಯುವುದರಿಂದ ಈ ಪದ್ಧತಿ ಹಿಂದೆ ಸರಿಯುತ್ತಿದೆ.

ಮನೆಯ ಅಡಾಪ್ಟರಿನ ಒಳಗಿರುವುದೂ ಇದೇ ತತ್ತ್ವ. ಅಲ್ಲಿನ ಪುಟ್ಟ ಕೆಪಾಸಿಟರು 230 ವೋಲ್ಟಿನ ವಿದ್ಯುತ್ತನ್ನು ಹೊರಗೇ ನಿಲ್ಲಿಸಿ, ಮೆಗಾಹರ್ಟ್ಸಿನ ಸಂಕೇತವನ್ನು ಮಾತ್ರ ಒಳಕ್ಕೂ ಹೊರಕ್ಕೂ ಬಿಡುತ್ತದೆ. ವ್ಯತ್ಯಾಸವಿರುವುದು ಮಾರ್ಗದಲ್ಲಿ. ಹೈಟೆನ್ಷನ್ ಮಾರ್ಗ ಕವಲಿಲ್ಲದೆ ಹತ್ತಾರು ಕಿಲೋಮೀಟರ್ ನೇರ ಸಾಗುತ್ತದೆ, ಎರಡೂ ತುದಿಯಲ್ಲಿ ವೇವ್ ಟ್ರ್ಯಾಪ್ ಕಾವಲಿರುತ್ತದೆ. ಮನೆಯ ವೈರಿಂಗಿನಲ್ಲಿ ಹೆಜ್ಜೆಗೊಂದು ಕವಲು, ಕಾವಲು ಎಲ್ಲಿಯೂ ಇಲ್ಲ. ಎಷ್ಟು ಹೊತ್ತಿಗೆ ಯಾರು ಏನನ್ನು ಪ್ಲಗ್ಗಿಗೆ ಹಾಕುತ್ತಾರೆ ಎಂಬುದಕ್ಕೂ ನೇಮವಿಲ್ಲ. ಅಡಾಪ್ಟರಿನ ಡಬ್ಬಿಯ ಮೇಲೆ ಅಚ್ಚಾದ ವೇಗ ಮತ್ತು ಕೋಣೆಯಲ್ಲಿ ಸಿಗುವ ವೇಗ ಅಜಗಜಾಂತರವಾಗಲು ಕಾರಣ ಇಲ್ಲಿದೆ. ವೇಗವನ್ನು ತೀರ್ಮಾನಿಸುವವರು ಅಡಾಪ್ಟರ್ ತಯಾರಿಸಿದವರಿಗಿಂತ ಹೆಚ್ಚಾಗಿ ಆ ಮನೆಗೆ ಎಂದೋ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್.

ಇಂಥ ಒರಟು ಮಾರ್ಗದಲ್ಲಿ ಒಂದೇ ಆವರ್ತನವನ್ನು ನಂಬಿಕೊಂಡರೆ ಕೆಲಸ ಕೆಟ್ಟಿತು. ಅದಕ್ಕಾಗಿ ದತ್ತಾಂಶವನ್ನು ನೂರಾರು ಕಿರು ಆವರ್ತನಗಳಿಗೆ ಹಂಚಿ ಏಕಕಾಲಕ್ಕೆ ಕಳಿಸುತ್ತಾರೆ. 2005ರಲ್ಲಿ ಬಂದ ಹೋಮ್‌ಪ್ಲಗ್ ಎವಿ ಎಂಬ ಮಾನಕವು 2ರಿಂದ 28 ಮೆಗಾಹರ್ಟ್ಸ್ ನಡುವೆ 917 ವಾಹಕ ಆವರ್ತನಗಳನ್ನು ಬಳಸುತ್ತದೆ. ಅಡಿಕೆ ಮೂಟೆಗಳನ್ನೆಲ್ಲ ಒಂದೇ ಲಾರಿಗೆ ಹೇರದೆ ನೂರಾರು ಗಾಡಿಗಳಿಗೆ ಹಂಚಿ, ಒಳ್ಳೆ ದಾರಿಯ ಗಾಡಿಗೆ ಹೆಚ್ಚು, ಹಳ್ಳದಿಣ್ಣೆಯ ದಾರಿಯದಕ್ಕೆ ಕಡಿಮೆ ಹೇರಿ, ದಾರಿಯೇ ಕುಸಿದಿದ್ದರೆ ಆ ಗಾಡಿಯನ್ನು ಹೂಡದೆ ಬಿಡುವಂಥ ವ್ಯವಸ್ಥೆ ಇದು. ಗದ್ದಲವಿಲ್ಲದ ವಾಹಕವೊಂದು ಒಂದು ಸಲಕ್ಕೆ 10 ಬಿಟ್ ಹೊರುತ್ತದೆ. ಗದ್ದಲದಲ್ಲಿ ಸಿಕ್ಕಿದ್ದು ಒಂದೆರಡು ಬಿಟ್ ಹೊತ್ತರೆ ಹೆಚ್ಚು. ಯಾವುದಕ್ಕೆ ಎಷ್ಟು ಎಂಬ ಪಟ್ಟಿಯನ್ನು ಎರಡೂ ಅಡಾಪ್ಟರುಗಳು ಆಗಾಗ ಪರಸ್ಪರ ಅಳೆದು ತಿದ್ದಿಕೊಳ್ಳುತ್ತಿರುತ್ತವೆ. ಮನೆಯ ವಿದ್ಯುತ್ ಗದ್ದಲವು 50 ಹರ್ಟ್ಸಿನ ಏರಿಳಿತದ ಜೊತೆಗೇ ಏರಿಳಿಯುವುದರಿಂದ, ಅಡಾಪ್ಟರುಗಳು ತಮ್ಮ ಸಮಯವನ್ನೂ ಅದಕ್ಕೇ ಹೊಂದಿಸಿಕೊಂಡಿವೆ: ವಿದ್ಯುತ್ತಿನ ಎರಡು ಆವರ್ತಗಳಿಗೆ, ಅಂದರೆ 40 ಮಿಲಿಸೆಕೆಂಡಿಗೆ ಒಂದು ಸರದಿ. ಆ ಸರದಿಯ ಬೇರೆಬೇರೆ ಹೊತ್ತಿಗೆ ಬೇರೆಬೇರೆ ಪಟ್ಟಿ ಇಟ್ಟುಕೊಳ್ಳುವಷ್ಟು ಎಚ್ಚರ ಇವಕ್ಕಿದೆ.

ವೈರಿಂಗಿನ ಒಳಗೆ ನಡೆಯುವುದನ್ನು ಹೊಳಲ್ಕೆರೆ ಕಡೆ ಸಾಮಾನ್ಯವಾಗಿ ಕಾಣುವಂಥ, ಒಮ್ಮೆಗೇ ಕಟ್ಟದೆ ಕೈಗೆ ದುಡ್ಡು ಬಂದಂತೆ ಬೆಳೆಸಿದ ಮನೆಯೊಂದರಲ್ಲಿ ಹಿಂಬಾಲಿಸಬಹುದು. ಮುಂದಿನ ಹಾಲು, ನಡುಮನೆ, ಅಡುಗೆಮನೆ ಮೊದಲಿನವು. ಹಿತ್ತಲ ಕಡೆಯ ಕೋಣೆ ಆಮೇಲೆ ಬಂದದ್ದು. ಮಹಡಿ ಅದಕ್ಕೂ ಈಚಿನದು. ರೌಟರ್ ಇರುವುದು ಹಾಲಿನಲ್ಲಿ, ನೆಟ್ ಬೇಕಾದದ್ದು ಅದೇ ಗೋಡೆಯ ಆಚೆಬದಿಯ ಕೋಣೆಯಲ್ಲಿ ಎಂದುಕೊಳ್ಳೋಣ. ಎರಡು ಪಾಯಿಂಟುಗಳ ನಡುವೆ ಕಣ್ಣಿಗೆ ಕಾಣುವ ದೂರ ಗೋಡೆಯ ದಪ್ಪದಷ್ಟೇ. ಆದರೆ ಸಂಕೇತ ಗೋಡೆ ತೂರಿ ಹೋಗುವುದಿಲ್ಲ. ಹಾಲಿನ ಪಾಯಿಂಟಿನಿಂದ ತನ್ನ ಸರ್ಕ್ಯೂಟ್ ಹಿಡಿದು ಬಾಗಿಲ ಬಳಿಯ ಎಂಸಿಬಿ ಬಾಕ್ಸಿಗೆ ವಾಪಸ್ಸು ಬಂದು, ಅಲ್ಲಿ ಇನ್ನೊಂದು ಸರ್ಕ್ಯೂಟಿಗೆ ಹೊರಳಿ, ಪೈಪಿನಲ್ಲಿ ಚಾವಣಿ ಹತ್ತಿ, ಜಂಕ್ಷನ್ ಬಾಕ್ಸುಗಳನ್ನು ದಾಟಿ ಆಚೆಯ ಕೋಣೆಗೆ ಇಳಿಯಬೇಕು. ಗೋಡೆಯ ಎರಡು ಮಗ್ಗುಲಿನ ಪಾಯಿಂಟುಗಳ ನಡುವೆ ತಂತಿಯ ಲೆಕ್ಕದಲ್ಲಿ 30-40 ಮೀಟರ್ ದೂರವಿದ್ದರೂ ಆಶ್ಚರ್ಯವಿಲ್ಲ. ಅದೇ ಸರ್ಕ್ಯೂಟಿನಲ್ಲಿದ್ದರೆ ಎರಡು ಕೋಣೆ ಆಚೆಯ ಪಾಯಿಂಟೇ ಹೆಚ್ಚು ಹತ್ತಿರ.

ದೂರಕ್ಕಿಂತ ಹೆಚ್ಚು ಕಾಟ ಕೊಡುವುದು ಕವಲು. ಪಿವಿಸಿ ಹೊದಿಕೆಯ ತಂತಿಯಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ಎಂದಿಟ್ಟುಕೊಂಡರೆ, 10 ಮೆಗಾಹರ್ಟ್ಸಿನ ತರಂಗಾಂತರ 20 ಮೀಟರ್. ಅದರ ಕಾಲುಭಾಗ 5 ಮೀಟರ್. ದಾರಿಯ ನಡುವೆ 5 ಮೀಟರ್ ಉದ್ದದ ಕವಲೊಂದು ಹೊರಟು, ಏನನ್ನೂ ಹಾಕದ ಖಾಲಿ ಪ್ಲಗ್ ಪಾಯಿಂಟಿನಲ್ಲಿ ಮುಗಿದಿದೆ ಎನ್ನೋಣ. ಸಂಕೇತದ ಒಂದು ಪಾಲು ಆ ಕವಲಿಗೆ ನುಗ್ಗಿ, ತುದಿಯಲ್ಲಿ ಡಿಕ್ಕಿ ಹೊಡೆದು ಹಿಂತಿರುಗುತ್ತದೆ. ಹೋಗಿ ಬಂದ ದಾರಿ ಒಟ್ಟು 10 ಮೀಟರ್, ಅರ್ಧ ತರಂಗಾಂತರ. ಹಾಗಾಗಿ ಹಿಂದಿರುಗಿದ್ದು ಮುಂದೆ ಬರುತ್ತಿರುವ ಸಂಕೇತಕ್ಕೆ ನೇರ ವಿರುದ್ಧವಾಗಿ ನಿಂತು ಅದನ್ನು ಅಳಿಸಿಹಾಕುತ್ತದೆ. ಏನೂ ಹಾಕದ ಪಾಯಿಂಟು 10 ಮೆಗಾಹರ್ಟ್ಸಿನ ಮಟ್ಟಿಗೆ ಫೇಸು ನ್ಯೂಟ್ರಲ್ಲುಗಳನ್ನು ಶಾರ್ಟ್ ಮಾಡಿದಷ್ಟೇ ಪರಿಣಾಮ ಬೀರುತ್ತದೆ! 50 ಹರ್ಟ್ಸ್ ಬಿಟ್ಟು ಬೇರೇನನ್ನೂ ಯೋಚಿಸಬೇಕಿಲ್ಲದ ಎಲೆಕ್ಟ್ರಿಷಿಯನ್‌ಗೆ ಇದು ನಂಬಲಾಗದ ಮಾತು, ಏಕೆಂದರೆ ಅವರ ಟೆಸ್ಟರು ಆ ಜಾಗದಲ್ಲಿ ಯಾವ ದೋಷವನ್ನೂ ತೋರಿಸುವುದಿಲ್ಲ. ಬೇರೆ ಉದ್ದದ ಕವಲು ಬೇರೆ ಆವರ್ತನವನ್ನು ನುಂಗುತ್ತದೆ. ಲೈಟಿನ ಸ್ವಿಚ್ಚು ಹಾಕಿದರೂ ಆರಿಸಿದರೂ ಕವಲಿನ ಉದ್ದ ಬದಲಾಗಿ, ನುಂಗುವ ಆವರ್ತನಗಳೂ ಬದಲಾಗುತ್ತವೆ. ಅಡಾಪ್ಟರುಗಳು ಪಟ್ಟಿಯನ್ನು ಮತ್ತೆಮತ್ತೆ ತಿದ್ದುವುದು ಈ ಕಾರಣಕ್ಕೆ.

ಇನ್ನೊಂದು ತೊಡಕು ಪ್ಲಗ್ಗಿಗೆ ಹಾಕಿದ ಉಪಕರಣಗಳದು. ಟಿವಿ, ಕಂಪ್ಯೂಟರು, ಒಳ್ಳೆಯ ಚಾರ್ಜರುಗಳ ಒಳಗೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಸಣ್ಣದೊಂದು ಕೆಪಾಸಿಟರ್ ಇರುತ್ತದೆ, ತಮ್ಮ ಗದ್ದಲ ಹೊರಗೆ ಹೋಗದಿರಲೆಂದು ಹಾಕಿದ್ದು. 0.1 ಮೈಕ್ರೋಫ್ಯಾರಡಿನ ಇಂಥ ಕೆಪಾಸಿಟರು 50 ಹರ್ಟ್ಸಿಗೆ 32 ಸಾವಿರ ಓಮ್, 10 ಮೆಗಾಹರ್ಟ್ಸಿಗೆ ಲೆಕ್ಕದ ಪ್ರಕಾರ 0.16 ಓಮ್. ಒಳಗಿನ ತಂತಿಗಳ ಅಡ್ಡಿ ಸೇರಿ ಕೆಲವು ಓಮ್ ಆದೀತು, ಆದರೂ ಸಂಕೇತ ಅಲ್ಲಿಯೇ ಸೋರಿಹೋಗಲು ಅಷ್ಟು ಸಾಕು. ಸಭ್ಯ ಉಪಕರಣ ಸಂಕೇತವನ್ನು ಕುಡಿಯುತ್ತದೆ. ಈ ಕೆಪಾಸಿಟರನ್ನು ಉಳಿಸಿ ಅಗ್ಗವಾಗಿ ಮಾರುವ ಎಲ್‌ಇಡಿ ಬಲ್ಬು, ಚಾರ್ಜರುಗಳು ಸಂಕೇತವನ್ನು ಕುಡಿಯದಿದ್ದರೂ ತಂತಿಗೆ ಗದ್ದಲ ಉಗುಳುತ್ತವೆ. ಒಟ್ಟಿನಲ್ಲಿ ಎರಡರಿಂದಲೂ ನಷ್ಟವೇ. ಮಿಕ್ಸಿ, ಡ್ರಿಲ್ಲಿಂಗ್ ಯಂತ್ರಗಳ ಮೋಟಾರಿನ ಕಾರ್ಬನ್ ಬ್ರಶ್ಶು ಕಿಡಿ ಹಾರಿಸುವಾಗ ಎಲ್ಲ ಆವರ್ತನಗಳಲ್ಲೂ ಗದ್ದಲವೇಳುತ್ತದೆ. ಬೆಳಗ್ಗೆ ಚಟ್ನಿ ರುಬ್ಬುವ ಹೊತ್ತಿಗೆ ವೇಗ ಬಿದ್ದು ಆಮೇಲೆ ಏಳುವುದು ಇದರಿಂದ. ತಿರುಚಿ ಟೇಪು ಸುತ್ತಿ ಬಿಟ್ಟ ಹಳೆಯ ಜಾಯಿಂಟು ಸಡಿಲವಾಗಿದ್ದರೆ ಅದೂ ಹೀಗೆಯೇ ಕಿಡಿಯಾಡುತ್ತದೆ. ಅಲ್ಲಿ ನೆಟ್ ಕೈಕೊಡುವುದು ಸಣ್ಣ ವಿಷಯ, ಮೊದಲು ಆ ಜಾಯಿಂಟನ್ನು ಸರಿಮಾಡಿಸಬೇಕು.

ಎಕ್ಸ್‌ಟೆನ್ಷನ್ ಬಾಕ್ಸು ಮತ್ತು ಸ್ಪೈಕ್ ಬಸ್ಟರುಗಳ ವಿಚಾರವೂ ಇದಕ್ಕೆ ಸೇರಿದ್ದೇ. ಸ್ಪೈಕ್ ತಡೆಯಲೆಂದು ಅವುಗಳಲ್ಲಿ ಹಾಕಿದ ಭಾಗಗಳಿಗೆ ಪವರ್‌ಲೈನ್ ಸಂಕೇತವೂ ಒಂದು ಸ್ಪೈಕಿನಂತೆಯೇ ಕಾಣುತ್ತದೆ. ಅಡಾಪ್ಟರನ್ನು ಗೋಡೆಯ ಪಾಯಿಂಟಿಗೇ ನೇರವಾಗಿ ಹಾಕಬೇಕೆಂಬ ಸೂಚನೆ ಇದರಿಂದ ಬಂದದ್ದು. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಗೋಡೆಗೆ ನೇರ ಸಿಕ್ಕಿಸಿದ ಅಡಾಪ್ಟರಿಗೆ ಅಪಾಯವಿದ್ದೇ ಇದೆ. ಸಿಡಿಲು ಗುಡುಗುವಾಗ ಟಿವಿ ಪ್ಲಗ್ಗಿನ ಜೊತೆ ಅದನ್ನೂ ಕಿತ್ತಿಡುವುದು ಸುಲಭದ ಉಪಾಯ. ಮೈಮೇಲೆಯೇ ಒಂದು ಸಾಕೆಟ್ ಇರುವ ಅಡಾಪ್ಟರು ಸಿಕ್ಕಿದರೆ ಒಳ್ಳೆಯದು. ಅದರಲ್ಲಿ ಫಿಲ್ಟರ್ ಇರುವುದರಿಂದ ಎಕ್ಸ್‌ಟೆನ್ಷನ್ ಬಾಕ್ಸನ್ನು ಅದಕ್ಕೆ ಹಾಕಿದಾಗ ಟಿವಿ, ಚಾರ್ಜರುಗಳ ಗದ್ದಲ ಗೋಡೆಯ ತಂತಿಯವರೆಗೆ ಬರುವುದಿಲ್ಲ.

ನಮ್ಮ ಮನೆಗಳಿಗೆ ವಿಶೇಷವಾದ ತೊಡಕು ಯುಪಿಎಸ್‌ನದು, ಮತ್ತು ಹೊರದೇಶದ ಕೈಪಿಡಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಕರೆಂಟು ಹೋಗಿ ಬರುವುದು ಮಾಮೂಲಾಗಿರುವ ಊರುಗಳಲ್ಲಿ ಮನೆಯ ವೈರಿಂಗೇ ಎರಡು ಭಾಗವಾಗಿರುತ್ತದೆ: ಲೈಟು, ಫ್ಯಾನು, ಒಂದೆರಡು ಪಾಯಿಂಟುಗಳು ಯುಪಿಎಸ್ ಲೈನಿನಲ್ಲಿ, ಫ್ರಿಜ್ಜು, ಗೀಸರು, ಮೋಟಾರು ನೇರ ಲೈನಿನಲ್ಲಿ. ಕರೆಂಟಿರುವಾಗ ಯುಪಿಎಸ್ ತನ್ನೊಳಗಿನ ರಿಲೇ ಮೂಲಕ ಎರಡನ್ನೂ ಜೋಡಿಸಿಯೇ ಇಟ್ಟಿರುತ್ತದೆ. ಅದರ ಫಿಲ್ಟರು ಸಂಕೇತವನ್ನು ಸ್ವಲ್ಪ ತಗ್ಗಿಸಿದರೂ ಕೆಲಸ ನಡೆಯಬಹುದು. ಕರೆಂಟು ಹೋದ ಕ್ಷಣ ರಿಲೇ ಬಿಡುತ್ತದೆ. ಒಂದು ಅಡಾಪ್ಟರು ಯುಪಿಎಸ್ ಪಾಯಿಂಟಿನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೆ ಕೊಂಡಿ ಅಲ್ಲಿಗೆ ಕಳಚಿತು. ರೌಟರಿಗೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟುಕೊಂಡವರ ಪಾಡು ಇನ್ನೂ ವಿಚಿತ್ರ: ಕತ್ತಲಲ್ಲಿಯೂ ರೌಟರ್ ಮಿನುಗುತ್ತಿರುತ್ತದೆ, ಹಾಲಿನಲ್ಲಿ ವೈಫೈ ಬರುತ್ತಿರುತ್ತದೆ, ಹಿತ್ತಲ ಕೋಣೆಯಲ್ಲಿ ಮಾತ್ರ ನೆಟ್ ಇಲ್ಲ. ಅಡಾಪ್ಟರಿಗೆ ಊಟವೂ ದಾರಿಯೂ ಒಂದೇ 230 ವೋಲ್ಟಿನ ತಂತಿಯಾದ್ದರಿಂದ 12 ವೋಲ್ಟಿನ ಪೆಟ್ಟಿಗೆ ಅದಕ್ಕೆ ಏನನ್ನೂ ಕೊಡಲಾರದು. ಎರಡೂ ಅಡಾಪ್ಟರುಗಳನ್ನು ಯುಪಿಎಸ್ ಲೈನಿನ ಪಾಯಿಂಟುಗಳಿಗೇ ಹಾಕುವುದು ಇದಕ್ಕೆ ಪರಿಹಾರ. ಅವು ತಿನ್ನುವುದು ಕೆಲವೇ ವ್ಯಾಟ್. ಆದರೆ ಚೌಕ ಅಲೆ ಕೊಡುವ ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ತಾನೇ ಗದ್ದಲದ ಮೂಲವಾಗುತ್ತದೆ; ಸೈನ್ ಅಲೆಯದು ವಾಸಿ.

ತ್ರೀಫೇಸ್ ಸಂಪರ್ಕವಿರುವ ಮನೆಗಳಲ್ಲಿ ಹಾಲು ಒಂದು ಫೇಸಿನಲ್ಲಿ, ಮಹಡಿ ಇನ್ನೊಂದು ಫೇಸಿನಲ್ಲಿ ಇರುವುದುಂಟು. ಫೇಸುಗಳ ನಡುವೆ ನೇರ ಸಂಪರ್ಕವಿಲ್ಲದಿದ್ದರೂ ಸಂಕೇತ ಪೂರ್ತಿ ಸಾಯುವುದಿಲ್ಲ. ಒಂದೇ ಪೈಪಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಹೋಗುವ ತಂತಿಗಳಲ್ಲಿ ಒಂದರ ಸಂಕೇತ ಇನ್ನೊಂದಕ್ಕೆ ದಾಟುತ್ತದೆ, ಸೊರಗಿದ ರೂಪದಲ್ಲಿ. ಒಂದು ಫೇಸ್ ಹೋದಾಗ ಚೇಂಜ್‌ಓವರ್ ಸ್ವಿಚ್ಚು ತಿರುಗಿಸಿ ಇನ್ನೊಂದಕ್ಕೆ ಬದಲಿಸಿಕೊಳ್ಳುವ ಮನೆಗಳಲ್ಲಿ ನೆಟ್ಟಿನ ವೇಗವೂ ಅದರ ಜೊತೆ ಬದಲಾಗುತ್ತದೆ, ಕೆಲವೊಮ್ಮೆ ಸುಧಾರಿಸುವುದೂ ಉಂಟು. ಮಹಡಿಯನ್ನು ಬಾಡಿಗೆಗೆ ಕೊಡಲೆಂದು ಬೇರೆ ಆರ್‌ಆರ್ ನಂಬರ್ ಮಾಡಿಸಿದ್ದರೆ ಸಂಕೇತ ಎರಡೆರಡು ಮೀಟರು ದಾಟಬೇಕು. ಅಲ್ಲಿ ಪವರ್‌ಲೈನ್ ನಂಬಿಕೊಳ್ಳದಿರುವುದೇ ಲೇಸು.

2012ರ ಹೋಮ್‌ಪ್ಲಗ್ ಎವಿ2 ಮಾನಕ ಮೂರನೆಯ ತಂತಿಯನ್ನೂ ಕೆಲಸಕ್ಕೆ ಹಚ್ಚಿತು. ಫೇಸ್-ನ್ಯೂಟ್ರಲ್ ಜೋಡಿಯ ಜೊತೆಗೆ ಅರ್ಥ್ ತಂತಿಯನ್ನೂ ಸೇರಿಸಿಕೊಂಡು ಎರಡು ಹಾದಿಗಳಲ್ಲಿ ದತ್ತಾಂಶ ಕಳಿಸುವುದು, ಆವರ್ತನದ ಮಿತಿಯನ್ನು 86 ಮೆಗಾಹರ್ಟ್ಸಿನವರೆಗೆ ಏರಿಸುವುದು ಅದರ ಮುಖ್ಯ ಬದಲಾವಣೆಗಳು. ಇದಕ್ಕೆ ಮೂರು ಪಿನ್ನಿನ ಅಡಾಪ್ಟರು ಮತ್ತು ಪಾಯಿಂಟಿನವರೆಗೆ ನಿಜವಾಗಿಯೂ ಬಂದಿರುವ ಅರ್ಥ್ ತಂತಿ ಬೇಕು. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತು ಹೆಸರಿಗಷ್ಟೇ ಇದ್ದು ಹಿಂದೆ ತಂತಿಯೇ ಇಲ್ಲದಿರುವುದು ಅಪರೂಪವಲ್ಲ. ಕಲ್ಲುನೆಲದ, ಮಳೆ ಕಮ್ಮಿಯ ಈ ಸೀಮೆಯಲ್ಲಿ ಉಪ್ಪು ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹನಿಸದಿದ್ದರೆ ಅದು ಒಣಗಿ ನಿಷ್ಪ್ರಯೋಜಕವಾಗುತ್ತದೆ. ಗಮನಿಸಬೇಕಾದ ಸಂಗತಿ ಏನೆಂದರೆ, ನೆಟ್ಟಿನ ವೇಗಕ್ಕೆ ಗುಂಡಿ ಒಣಗಿದರೂ ನಡೆಯುತ್ತದೆ, ಅದಕ್ಕೆ ಬೇಕಾದದ್ದು ಜೊತೆಯಲ್ಲಿ ಸಾಗುವ ತಂತಿ. ಮನುಷ್ಯರ ಜೀವಕ್ಕೆ ಗುಂಡಿ ಹಸಿಯಾಗಿರಬೇಕು. ಎವಿ2 ಅಡಾಪ್ಟರಿನಲ್ಲಿ ವೇಗ ಚೆನ್ನಾಗಿದೆ ಎಂದಮಾತ್ರಕ್ಕೆ ಅರ್ಥಿಂಗ್ ಸರಿಯಿದೆ ಎಂದು ತಿಳಿಯಬಾರದು.

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ತೆಂಗು ಅಡಿಕೆ ತೋಟಗಳಲ್ಲಿ ಬೇರೆಯೇ ಪ್ರಶ್ನೆ ಏಳುತ್ತದೆ. ತೋಟದ ಮನೆಯಿಂದ ಬೋರ್‌ವೆಲ್ ಬಳಿಯ ಪಂಪ್‌ಹೌಸಿಗೆ ಕರೆಂಟಿನ ತಂತಿ ಹೇಗೂ ಇದೆ. ಅಲ್ಲೊಂದು ಕ್ಯಾಮೆರಾ ಇಡಲು ಅದೇ ತಂತಿಯಲ್ಲಿ ನೆಟ್ ಕಳಿಸಬಾರದೇಕೆ? ತಯಾರಕರು ಹೇಳುವ ಗರಿಷ್ಠ ದೂರ 300 ಮೀಟರ್. ಕಾಗದದ ಮೇಲೆ ಸಾಲುತ್ತದೆ. ನಿಜಸ್ಥಿತಿ ನೋಡಿದರೆ, ಮೊದಲನೆಯದಾಗಿ ಪಂಪ್‌ಸೆಟ್ಟಿನ ಸಂಪರ್ಕವೇ ಬೇರೆ, ಮನೆಯದೇ ಬೇರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಮತ್ತು ಮನೆಗಳ ಫೀಡರುಗಳನ್ನು ಬೇರ್ಪಡಿಸಿದ ಕಡೆ ಎರಡೂ ಬೇರೆಬೇರೆ ಟ್ರಾನ್ಸ್‌ಫಾರ್ಮರಿನಿಂದ ಬಂದಿರಬಹುದು, ಮತ್ತು ಮೆಗಾಹರ್ಟ್ಸಿನ ಸಂಕೇತ ಟ್ರಾನ್ಸ್‌ಫಾರ್ಮರನ್ನು ದಾಟಿ ಹೋಗುವ ಭರವಸೆ ಇಲ್ಲ. ಇನ್ನು ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವುದು ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ. ಉಳಿದ ಹೊತ್ತಿನಲ್ಲಿ ಕರೆಂಟೇ ಇಲ್ಲದ ತಂತಿಯಲ್ಲಿ ಅಡಾಪ್ಟರಿಗೆ ಜೀವವಿಲ್ಲ. ಎರಡೂ ಒಂದೇ ಮೀಟರಿನ ಹಿಂದೆ ಇದ್ದ ಪಕ್ಷದಲ್ಲಿಯೂ ಸ್ಟಾರ್ಟರ್ ಪ್ಯಾನೆಲ್ಲಿನ ಕಂಡೆನ್ಸರುಗಳು ತಂತಿಗಳ ನಡುವೆ ನೇರ ಕೂತು, ಬಂದ ಸಂಕೇತವನ್ನೆಲ್ಲ ಹೀರುತ್ತವೆ. ಮೋಟಾರ್ ಹಾಕಲು ಆರಿಸಲು ರೈತರು ಈಗಾಗಲೇ ಬಳಸುವ, ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರು ಆ ಕೆಲಸಕ್ಕೆ ಸಾಕು. ಕ್ಯಾಮೆರಾ ಬೇಕೇಬೇಕೆಂದರೆ ಮನೆಯ ತಾರಸಿಯಿಂದ ಪಂಪ್‌ಹೌಸಿಗೆ ಎದುರುಬದುರು ನೋಡುವ ಎರಡು ವೈಫೈ ಆಂಟೆನಾಗಳು ಇದಕ್ಕಿಂತ ಮೇಲು. ನಡುವೆ ತೆಂಗಿನ ಗರಿಗಳು ಅಡ್ಡ ಬರದ ಜಾಗ ಹುಡುಕಬೇಕು, ಅಷ್ಟೆ.

ಡಬ್ಬಿಯ ಮೇಲಿನ ಅಂಕಿಗಳನ್ನು ಓದುವಾಗ ಎರಡು ಸಂಗತಿ ಗೊತ್ತಿರಬೇಕು. 2001ರ ಮೊದಲ ಹೋಮ್‌ಪ್ಲಗ್ ಮಾನಕ ಸೆಕೆಂಡಿಗೆ 14 ಮೆಗಾಬಿಟ್‌ನದು, ಎವಿ 200 ಮೆಗಾಬಿಟ್‌ನದು. ಅನಂತರ 500, 600, 1,000 ಎಂದು ಡಬ್ಬಿಗಳ ಮೇಲಿನ ಅಂಕಿ ಏರುತ್ತ ಹೋಯಿತು. ಇವೆಲ್ಲ ತಂತಿಯ ಮೇಲೆ ಎರಡೂ ದಿಕ್ಕುಗಳಲ್ಲಿ ಸಾಗುವ ಕಚ್ಚಾ ಬಿಟ್ಟುಗಳ ಲೆಕ್ಕ, ದೋಷ ತಿದ್ದಲು ಸೇರಿಸುವ ಬಿಟ್ಟುಗಳೂ ಇದರಲ್ಲಿ ಸೇರಿವೆ. ಸಾಲದೆಂಬಂತೆ 500, 600ರ ಹೆಸರಿನ ಎಷ್ಟೋ ಅಡಾಪ್ಟರುಗಳ ಕೇಬಲ್ ಪೋರ್ಟಿನ ವೇಗವೇ 100 ಮೆಗಾಬಿಟ್. ಗೋಡೆಯಿಂದ ಎಷ್ಟೇ ಬಂದರೂ ಹೊರಗೆ ಕೊಡುವುದು ಅಷ್ಟನ್ನೇ. ಗಿಗಾಬಿಟ್ ಪೋರ್ಟ್ ಇದೆಯೇ ಎಂದು ಸಣ್ಣ ಅಕ್ಷರಗಳಲ್ಲಿ ನೋಡಿ ಕೊಳ್ಳಬೇಕು. ಎರಡನೆಯದು, ಪವರ್‌ಲೈನಿನಲ್ಲಿ ಎರಡು ಮತಗಳಿವೆ: ಹೋಮ್‌ಪ್ಲಗ್ ಮತ್ತು ಅದನ್ನೊಳಗೊಂಡು 2010ರಲ್ಲಿ ಬಂದ ಐಇಇಇ 1901 ಒಂದು ಕಡೆ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.ಎಚ್‌ಎನ್ ಇನ್ನೊಂದು ಕಡೆ. ಒಂದರ ಅಡಾಪ್ಟರು ಇನ್ನೊಂದರ ಜೊತೆ ಮಾತಾಡುವುದಿಲ್ಲ. ವಿದೇಶದಲ್ಲಿರುವ ಮಕ್ಕಳು ತಂದುಕೊಡುವ ಅಡಾಪ್ಟರುಗಳಲ್ಲಿ ಪಿನ್ನಿನ ಸಮಸ್ಯೆಯೂ ಸೇರಿಕೊಳ್ಳುತ್ತದೆ. ನಮ್ಮ ದುಂಡು ಪಿನ್ನಿನ 6 ಆಂಪಿಯರ್ ಸಾಕೆಟ್ಟಿಗೆ ಹೊಂದಿಸಲು ನಡುವೆ ಹಾಕುವ ಕನ್ವರ್ಟರ್ ಪ್ಲಗ್ಗು ಸಡಿಲವಾಗಿ ಕೂರುತ್ತದೆ, ಅರ್ಥ್ ಪಿನ್ನನ್ನು ಮುಂದಕ್ಕೆ ಕೊಡದಿರುವುದೂ ಉಂಟು.

ಒಂದು ಮನೆಯ ಸಂಕೇತ ಮೀಟರ್ ದಾಟಿ ಹೊರಗೆ ಹೋಗಬಲ್ಲದೇ? ದುರ್ಬಲವಾಗಿಯಾದರೂ ಹೋಗಬಲ್ಲದು. ಮೀಟರು ಸಂಕೇತವನ್ನು ತಗ್ಗಿಸುತ್ತದೆ, ತಡೆಯುವುದಿಲ್ಲ. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳಲ್ಲಿ, ಒಂದೇ ಕಂಬದಿಂದ ಒಂದೇ ಫೇಸ್ ಪಡೆದಿದ್ದರೆ, ಪಕ್ಕದ ಮನೆಯ ಅಡಾಪ್ಟರಿಗೆ ಇದು ಕೇಳಿಸಬಹುದು. ಆದ್ದರಿಂದ ಹೋಮ್‌ಪ್ಲಗ್ ಎವಿ ಎಲ್ಲ ದತ್ತಾಂಶವನ್ನೂ 128 ಬಿಟ್ಟಿನ ಎಇಎಸ್ ಬೀಗ ಹಾಕಿ ಕಳಿಸುತ್ತದೆ. ಎಡವಟ್ಟಿರುವುದು ಬೀಗದ ಕೈಯಲ್ಲಿ. ಕಾರ್ಖಾನೆಯಿಂದ ಬರುವಾಗ ಎಲ್ಲ ಅಡಾಪ್ಟರುಗಳ ಪಾಸ್‌ವರ್ಡೂ ಒಂದೇ, ‘ಹೋಮ್‌ಪ್ಲಗ್‌ಎವಿ’ ಎಂಬ ಇಂಗ್ಲಿಷ್ ಪದ. ಡಬ್ಬಿಯಿಂದ ತೆಗೆದು ಹಾಗೇ ಹಾಕಿದರೂ ಎರಡು ಅಡಾಪ್ಟರುಗಳು ಕೂಡಲೇ ಕೆಲಸ ಶುರುಮಾಡುವುದು ಇದರಿಂದ. ನೆರೆಮನೆಯವರು ತಂದು ಹಾಗೇ ಹಾಕಿದ ಮೂರನೆಯದೂ ಇದೇ ಗುಂಪಿಗೆ ಸೇರಿಕೊಳ್ಳುವುದೂ ಇದರಿಂದಲೇ. ಅಡಾಪ್ಟರಿನ ಪೇರ್ ಗುಂಡಿಯನ್ನು ಮೊದಲು ಒಂದರಲ್ಲಿ, ಎರಡು ನಿಮಿಷ ಮೀರುವುದರೊಳಗೆ ಇನ್ನೊಂದರಲ್ಲಿ ಒತ್ತಿದರೆ ಆ ಮನೆಗೆ ಮಾತ್ರ ಸೇರಿದ ಹೊಸ ಕೀಲಿ ತಯಾರಾಗುತ್ತದೆ. ಬಹಳ ಮಂದಿ ಈ ಗುಂಡಿಯನ್ನು ಮುಟ್ಟುವುದೇ ಇಲ್ಲ.

ವೈರಿಂಗಿನ ತಂತಿಗೆ ಕೇಬಲ್ ಟಿವಿಯ ತಂತಿಗಿರುವಂಥ ಲೋಹದ ಕವಚ ಇಲ್ಲ. ಹಾಗಾಗಿ ಅದರಲ್ಲಿ ಓಡುವ ಸಂಕೇತದ ಒಂದಂಶ ರೇಡಿಯೋ ತರಂಗವಾಗಿ ಹೊರಗೆ ಸೋರುತ್ತದೆ. 2ರಿಂದ 30 ಮೆಗಾಹರ್ಟ್ಸಿನ ವಲಯವೆಂದರೆ ಶಾರ್ಟ್‌ವೇವ್ ಪ್ರಸಾರ ಮತ್ತು ಹ್ಯಾಮ್ ರೇಡಿಯೋದ ವಲಯ. ಹ್ಯಾಮ್‌ಗಳಿಗೆ ಮೀಸಲಾದ ಪಟ್ಟಿಗಳಲ್ಲಿ ಅಡಾಪ್ಟರುಗಳು ಮೌನವಾಗಿರುವಂತೆ ಮಾನಕಗಳಲ್ಲಿಯೇ ವಿಧಿಸಲಾಗಿದೆ. ಎವಿ2ನ 86 ಮೆಗಾಹರ್ಟ್ಸಿನ ಮಿತಿ ಕೂಡ ಎಫ್‌ಎಂ ಪಟ್ಟಿ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆಯೇ ನಿಲ್ಲುತ್ತದೆ, ಆದ್ದರಿಂದ ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ ಕೇಳುವವರಿಗೆ ಇದರಿಂದ ತೊಂದರೆಯಿಲ್ಲ. ಮನೆಯೊಳಗೆ ಬಿಟ್ಟು ಇಡೀ ಊರಿಗೆ ಕಂಬದ ತಂತಿಯಿಂದಲೇ ಇಂಟರ್ನೆಟ್ ಹಂಚುವ ಪ್ರಯತ್ನಗಳು ಮಾತ್ರ ಸೋತವು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನಾರ್‌ವೆಬ್ ಕಂಪನಿ 1997ರಲ್ಲಿ ಶುರುಮಾಡಿದ ಪ್ರಯೋಗ 1999ರಲ್ಲಿ ನಿಂತಿತು. ಅಲ್ಲಿ ಬೀದಿದೀಪದ ಕಂಬಗಳು ಆಂಟೆನಾಗಳಂತೆ ವರ್ತಿಸಿದ್ದವು. ಅಮೆರಿಕದ ಮನಾಸಸ್ ಪಟ್ಟಣ 2005ರಲ್ಲಿ ಊರಿಗೆಲ್ಲ ಕೊಟ್ಟ ಸೇವೆಯನ್ನು 2010ರಲ್ಲಿ ಮುಚ್ಚಿತು. ಅಷ್ಟರಲ್ಲಿ ಫೈಬರೂ ಮೊಬೈಲೂ ಮುಂದೆ ಸಾಗಿದ್ದವು.

ಅಡಾಪ್ಟರ್ ಹಾಕಿ ನೋಡುವ ಕ್ರಮ ಹೀಗೆ. ಮೊದಲು ಎರಡನ್ನೂ ಒಂದೇ ಕೋಣೆಯ ಎರಡು ಪಾಯಿಂಟುಗಳಿಗೆ ಹಾಕಿ, ಪೇರ್ ಮಾಡಿ, ಸಿಗುವ ವೇಗ ಬರೆದಿಟ್ಟುಕೊಳ್ಳಬೇಕು. ಆ ಮನೆಯಲ್ಲಿ ಸಿಗಬಹುದಾದ ಅತಿ ಹೆಚ್ಚಿನ ವೇಗ ಸಾಮಾನ್ಯವಾಗಿ ಅದೇ. ಆಮೇಲೆ ಎರಡನೆಯದನ್ನು ಬೇಕಾದ ಕೋಣೆಗೆ ಒಯ್ದು, ಅಲ್ಲಿರುವ ಎಲ್ಲ ಪಾಯಿಂಟುಗಳಲ್ಲೂ ಪರೀಕ್ಷಿಸಬೇಕು. ಒಂದೇ ಕೋಣೆಯ ಎರಡು ಗೋಡೆಗಳ ಪಾಯಿಂಟು ಬೇರೆಬೇರೆ ಸರ್ಕ್ಯೂಟಿನದಾಗಿದ್ದು, ಒಂದರಲ್ಲಿ ಇನ್ನೊಂದರ ದುಪ್ಪಟ್ಟು ವೇಗ ಸಿಕ್ಕಿದರೂ ಸಿಗಬಹುದು. ಮಧ್ಯಾಹ್ನದ ಪರೀಕ್ಷೆಯನ್ನು ನಂಬುವಂತಿಲ್ಲ. ಸಂಜೆ ಏಳರ ಮೇಲೆ ಲೈಟು, ಟಿವಿ, ಚಾರ್ಜರುಗಳೆಲ್ಲ ಹತ್ತಿದಾಗ ಸಿಗುವ ವೇಗವೇ ದಿಟ. ಆಗಲೂ 30-40 ಮೆಗಾಬಿಟ್ ನಿಂತರೆ ಆನ್‌ಲೈನ್ ಪಾಠಕ್ಕೂ ಸಿನಿಮಾಕ್ಕೂ ಧಾರಾಳವಾಯಿತು. ನಿಲ್ಲದಿದ್ದರೆ ಅಡಾಪ್ಟರ್ ಬದಲಿಸುವುದರಿಂದ ಹೆಚ್ಚೇನೂ ಗಿಟ್ಟದು. ದೋಷ ಇರುವುದು ತಂತಿಯಲ್ಲಿ. ವಾಪಸ್ಸು ಮಾಡಲು ಅವಕಾಶವಿರುವ ಅಂಗಡಿಯಲ್ಲಿ ಕೊಳ್ಳುವುದು ಈ ದೃಷ್ಟಿಯಿಂದ ಜಾಣತನ.

ಇನ್ನೂ ಕಟ್ಟುತ್ತಿರುವ ಮನೆಗೆ ಇದರ ಗೊಡವೆಯೇ ಬೇಡ. ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟಿ, ಕಾಂಕ್ರೀಟ್ ಹಾಕುವುದಕ್ಕೆ ಮುಂಚೆ ಎಲೆಕ್ಟ್ರಿಷಿಯನ್ ಪೈಪು ಕೂರಿಸುವಾಗ, ಹಾಲಿನಿಂದ ಪ್ರತಿ ಕೋಣೆಗೂ ಮಹಡಿಗೂ ಒಂದೊಂದು ಪೈಪು ಹೆಚ್ಚಿಗೆ ಹಾಕಿಸಿ, ಒಳಗೊಂದು ಎಳೆ ತಂತಿ ಬಿಟ್ಟಿದ್ದರೆ ಸಾಕು. ಬೇಕಾದಾಗ ಕ್ಯಾಟ್ 6 ಕೇಬಲ್ ಎಳೆದುಕೊಳ್ಳಬಹುದು, ಅದರಲ್ಲಿ ಗಿಗಾಬಿಟ್ ವೇಗ ಸೋರದೆ ಸಿಗುತ್ತದೆ. ಆ ಪೈಪಿನಲ್ಲಿ ಕರೆಂಟಿನ ತಂತಿಯನ್ನು ಸೇರಿಸಬಾರದು. ಜಾಗ ಉಳಿಸಲು ಎರಡನ್ನೂ ಒಂದೇ ಪೈಪಿಗೆ ತುರುಕಿದರೆ, ಹೊದಿಕೆ ಸವೆದ ದಿನ 230 ವೋಲ್ಟ್ ನೆಟ್‌ವರ್ಕ್ ಕೇಬಲ್ಲಿಗೆ ಹರಿದು ರೌಟರಿನವರೆಗೂ ಬಂದೀತು.